1979ರ ಫ್ರೈಟ್‌ಲೈನರ್‌ಗೆ 'ವೈಟ್' ಹೆಸರು ಬೇಡ

ಅಮೆರಿಕದ ಫ್ರೈಟ್‌ಲೈನರ್ ಲಾರಿಯ 1/25 ಅಳತೆಯ ಪ್ಲಾಸ್ಟಿಕ್ ಮಾದರಿ ಕಿಟ್‌ನ ಮುಂಭಾಗ, ನಿಮ್ಮಲ್ಲಿರುವ 1979ರ ಕ್ಯಾಬೋವರ್ (ಎಂಜಿನ್ ಮೇಲೆಯೇ ಕ್ಯಾಬಿನ್ ಇರುವ ಲಾರಿ) ಫೋಟೋಗೆ ಏಕೆ ಹೊಂದುತ್ತಿಲ್ಲ ಎಂದು ಕೇಳಿದ್ದೀರಿ. ಕಾರಣ, ಕಿಟ್ 'ವೈಟ್ ಫ್ರೈಟ್‌ಲೈನರ್' ಕಾಲದ್ದು. ಫ್ರೈಟ್‌ಲೈನರ್ ಲಾರಿಗಳನ್ನು 1951ರಿಂದ ವೈಟ್ ಮೋಟಾರ್ ಕಂಪನಿ ಮಾರುತ್ತಿತ್ತು. ಆ ಒಪ್ಪಂದ 1977ರಲ್ಲಿ ಮುಗಿಯಿತು. ಆಮೇಲಿನ ಹೊಸ ಲಾರಿಗಳಲ್ಲಿ ಬರೀ 'ಫ್ರೈಟ್‌ಲೈನರ್' ಅಂತಿರುತ್ತದೆ.

ಬಣ್ಣ ಹೊಡೆಯುವ ಮೊದಲೇ 'ವೈಟ್' ಹೆಸರು ತೆಗೆಯಿರಿ. ಅದು ಡೆಕಲ್ (ಮಾದರಿಗೆ ಅಂಟಿಸುವ ತೆಳು ಸ್ಟಿಕ್ಕರ್) ಆಗಿದ್ದರೆ ಸುಮ್ನೆ ಅಂಟಿಸಬೇಡಿ, ಅಷ್ಟೇ. ಉಬ್ಬು ಅಕ್ಷರವಾದರೆ ಸುತ್ತಲಿನ ರಿವೆಟ್‌ಗಳ ಮೇಲೆ ಟೇಪ್ ಹಾಕಿ, 400ರ ಸ್ಯಾಂಡ್‌ಪೇಪರ್‌ನಿಂದ ನೀರು ಹಚ್ಚಿ ಮೆಲ್ಲಗೆ ಉಜ್ಜಿ. ನಂತರ ಇನ್ನೂ ನಯವಾದ 1000ರದ್ದು. ರಿವೆಟ್ ಅಳಿಸಿಹೋಗದಂತೆ ದಯವಿಟ್ಟು ನೋಡಿಕೊಳ್ಳಿ, ಆ ಅಲ್ಯೂಮಿನಿಯಂ ಕ್ಯಾಬಿನ್‌ನ ಅಂದವೇ ಅದು. ಪ್ರೈಮರ್ (ಬಣ್ಣಕ್ಕೂ ಮೊದಲಿನ ಲೇಪ) ತೆಳುವಾಗಿ ಹೊಡೆದರೆ ಉಳಿದ ಗೀರು ಕಾಣುತ್ತದೆ.

ಇನ್ನು ಹೆಡ್‌ಲೈಟ್. ಅಮೆರಿಕದಲ್ಲಿ ಆಯತಾಕಾರದ ದೀಪಕ್ಕೆ ಅನುಮತಿ ಸಿಕ್ಕಿದ್ದು 1975ರ ಮಾಡೆಲ್‌ಗಳ ಹೊತ್ತಿಗೆ. ಹಾಗಂತ 1979ರ ಲಾರಿ ಎಂದ ಮಾತ್ರಕ್ಕೆ ದುಂಡು ದೀಪ ಕಿತ್ತು ಹಾಕಬೇಡಿ. ಮಾಲೀಕರು ದೀಪ, ಬಂಪರ್ ಬದಲಿಸುವುದು ಜಾಸ್ತಿ, ಅದಕ್ಕೇ ಇಲ್ಲಿ ಇಸವಿಗಿಂತ ನಿಮ್ಮ ಫೋಟೋವನ್ನೇ ನಂಬಿ. ಅದರಲ್ಲಿ ನಾಲ್ಕು ಆಯತದ ದೀಪಗಳಿದ್ದರೆ ಅಸಲಿ ಅಳತೆ 165 x 100 ಮಿ.ಮೀ. ನಿಮ್ಮ ಸ್ಕೇಲ್‌ಗೆ 6.6 x 4 ಮಿ.ಮೀ. ಆಯಿತು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ, ಹಿಂಬದಿಗೆ ಅಡುಗೆಮನೆಯ ಫಾಯಿಲ್ ಅಂಟಿಸಿದರೆ ಸಾಕು.