ಓದುಗರ ಪ್ರಶ್ನೆ: ಕನಿಷ್ಠ ವೇತನ ಏರಿದರೆ ಯಾರಿಗೆ ಭಾರ?

ರಾಜ್ಯ ಸರ್ಕಾರ 2025ರ ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ಹೊಸ ದರಗಳನ್ನು ಪ್ರಸ್ತಾಪಿಸಿ ಕರಡು ಅಧಿಸೂಚನೆ ಹೊರಡಿಸಿದಾಗ ಕಾರ್ಮಿಕ ಸಂಘಗಳು ಅದನ್ನು ಬೇಗ ಜಾರಿಗೆ ತನ್ನಿ ಎಂದವು, ಉದ್ಯಮಿಗಳ ಸಂಘಟನೆಗಳು ಇಷ್ಟು ಹೊರೆ ತಾಳಲಾರೆವು ಎಂದವು. ಆ ವಾಗ್ವಾದದ ಕುರಿತು ನಮ್ಮ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಉತ್ತರಕ್ಕೆ ಎತ್ತಿಕೊಂಡಿದ್ದೇವೆ. ಕೆಲಸದ ಜಾಗದಲ್ಲಿ ತೊಂದರೆಯಾಗಬಾರದೆಂದು ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ನಮೂದಿಸಿದ್ದೇವೆ.

ಪ್ರಶ್ನೆ: ನನ್ನದು ಇಟ್ಟಿಗೆ ಮತ್ತು ಹೆಂಚಿನ ಸಣ್ಣ ಕಾರ್ಖಾನೆ. ಮಣ್ಣು, ಸೌದೆ, ಕರೆಂಟು ಎಲ್ಲದರ ಬೆಲೆಯೂ ಏರಿದೆ. ಸರ್ಕಾರ ಕೂಲಿಯನ್ನೂ ಏರಿಸಿದರೆ ಬಾಗಿಲು ಮುಚ್ಚುವುದೊಂದೇ ದಾರಿ. ಕೊಡುವವನ ಶಕ್ತಿಯನ್ನು ನೋಡದೆ ಕೂಲಿ ನಿಗದಿ ಮಾಡುವುದು ನ್ಯಾಯವೇ? (ಮಾಲೂರು)

ಉತ್ತರ: ಇದೇ ಪ್ರಶ್ನೆಯನ್ನು ಕೇರಳದ ಹೆಂಚಿನ ಕಾರ್ಖಾನೆಗಳ ಮಾಲೀಕರು ಸುಪ್ರೀಂ ಕೋರ್ಟಿನ ಮುಂದಿಟ್ಟಿದ್ದರು. ಯೂನಿಚಾಯ್ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ 1961ರಲ್ಲಿ ನ್ಯಾಯಾಲಯ ನೀಡಿದ ತೀರ್ಪಿನ ಪ್ರಕಾರ, ಕನಿಷ್ಠ ವೇತನವನ್ನು ಗೊತ್ತುಪಡಿಸುವಾಗ ಮಾಲೀಕನ ಕೊಡುವ ಶಕ್ತಿಯನ್ನು ಗಣನೆಗೆ ತೆಗೆದುಕೊಳ್ಳಬೇಕಾಗಿಲ್ಲ. ಅದಕ್ಕಿಂತ ಮೇಲಿನ ನ್ಯಾಯಯುತ ವೇತನದ ಮಾತು ಬಂದಾಗ ಮಾತ್ರ ಉದ್ಯಮದ ಶಕ್ತಿಯ ವಿಚಾರ ಬರುತ್ತದೆ. ಅರವತ್ತು ವರ್ಷಗಳಿಂದ ಇತ್ಯರ್ಥವಾಗಿರುವ ಈ ಸಂಗತಿಯನ್ನು ನಮ್ಮ ರಾಜಕೀಯ ಪಕ್ಷಗಳು ಪ್ರತಿ ಪರಿಷ್ಕರಣೆಯ ಹೊತ್ತಿನಲ್ಲೂ ಹೊಸದೆಂಬಂತೆ ಚರ್ಚೆಗೆ ಎಳೆಯುತ್ತಿರುವುದು ವಿಷಾದದ ವಿಷಯ.

ಆ ಮೊತ್ತದೊಳಗೆ ಏನೇನಿದೆ ಎಂಬುದನ್ನೂ ನೀವು ನೋಡಬೇಕು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಪ್ಪಿದ ಲೆಕ್ಕದಲ್ಲಿ ಒಬ್ಬ ದುಡಿಯುವವನ ಕುಟುಂಬವನ್ನು ಮೂರು ಬಳಕೆಯ ಘಟಕಗಳೆಂದು, ಎಂದರೆ ಮೂವರು ವಯಸ್ಕರ ಬಳಕೆಗೆ ಸಮವೆಂದು ಪರಿಗಣಿಸಿ, ವಯಸ್ಕನೊಬ್ಬನಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಇಡೀ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ ಹಾಗೂ ಸೌದೆ, ದೀಪ ಮತ್ತಿತರ ಖರ್ಚಿಗೆ ಶೇ 20ರಷ್ಟು ಪಾಲನ್ನು ಸೇರಿಸಲಾಗಿದೆ. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ ಮತ್ತು ಮುಪ್ಪಿನ ಕಾಲಕ್ಕೆಂದು ಶೇ 25ರಷ್ಟು ಸೇರಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ರೆಪ್ಟಕಾಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. ಇದರಲ್ಲಿ ಕಡಿತ ಮಾಡಬಹುದಾದ ಬಾಬ್ತು ಯಾವುದು? ಗೂಡಿನ ಬಾಯಲ್ಲಿ ನಿಂತು ಹಸಿ ಇಟ್ಟಿಗೆ ಜೋಡಿಸುವವನ ಅನ್ನದ ಪಾಲನ್ನೇ, ಅವನ ಮಗಳ ಶಾಲೆಯ ಖರ್ಚನ್ನೇ?

ಹಾಗೆಂದ ಮಾತ್ರಕ್ಕೆ ನಿಮ್ಮ ಸಂಕಟ ಸುಳ್ಳೆಂದು ನಾವು ಹೇಳುವುದಿಲ್ಲ. ನಿಮ್ಮಿಂದ ಮಾಲು ಒಯ್ಯುವ ದೊಡ್ಡ ಬಿಲ್ಡರ್‌ಗಳು ಮತ್ತು ಗುತ್ತಿಗೆದಾರರು ಹಣವನ್ನು ತಿಂಗಳುಗಟ್ಟಲೆ ಸತಾಯಿಸುತ್ತಾರೆಂದು ನೀವೇ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಸಣ್ಣ ಉದ್ಯಮಗಳಿಗಾಗಿ 2006ರಲ್ಲಿ ಬಂದ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಲೇಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಈ ಕಾಯ್ದೆ ಕಟ್ಟುನಿಟ್ಟಾಗಿ ಜಾರಿಯಾಗಲಿ ಎಂದು ನಿಮ್ಮ ಸಂಘಗಳು ವೇತನದ ಕರಡಿನ ವಿರುದ್ಧ ಎತ್ತುವಷ್ಟೇ ಗಟ್ಟಿ ದನಿಯಲ್ಲಿ ಕೇಳಬೇಕು. ಮೇಲಿನವರಿಂದ ವಸೂಲಾಗದ ಬಾಕಿಯನ್ನು ಕೆಳಗಿನವರ ಕೂಲಿಯಲ್ಲಿ ಸರಿತೂಗಿಸುವ ಪದ್ಧತಿಯನ್ನು ಯಾವ ಸರ್ಕಾರವೂ ರಕ್ಷಿಸಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪ್ರತಿ ಏಪ್ರಿಲ್‌ನಲ್ಲಿ ಸಂಬಳದ ಚೀಟಿಯಲ್ಲಿ ಡಿ.ಎ. ಎಂದು ಒಂದಿಷ್ಟು ಸೇರುತ್ತದೆ. ಇದೇ ಕನಿಷ್ಠ ವೇತನದ ಏರಿಕೆಯೇ? ಸಂಬಳ ಏರಿದರೆ ಟಾರ್ಗೆಟ್ಟೂ ಏರುತ್ತದೆ ಎಂದು ಸೂಪರ್‌ವೈಸರ್ ಹೆದರಿಸುತ್ತಾರೆ. (ಗೌರಿಬಿದನೂರು)

ಉತ್ತರ: ಎರಡೂ ಒಂದಲ್ಲ, ತಾಯಿ. ಏಪ್ರಿಲ್‌ನಲ್ಲಿ ಸೇರುವುದು ವ್ಯತ್ಯಾಸವಾಗುವ ತುಟ್ಟಿಭತ್ಯೆ. ಬೆಲೆ ಸೂಚ್ಯಂಕ ಏರಿದಷ್ಟಕ್ಕೆ ಅದು ಏರುತ್ತದೆ, ಎಂದರೆ ಹೋದ ವರ್ಷ ನಿಮ್ಮ ಸಂಬಳಕ್ಕೆ ಬರುತ್ತಿದ್ದ ಅಕ್ಕಿ, ಬೇಳೆ, ಎಣ್ಣೆ ಈ ವರ್ಷವೂ ಬರಲೆಂದು ಮಾಡಿದ ಏರ್ಪಾಡು. ಮೂಲ ದರವನ್ನೇ ಪರಿಷ್ಕರಿಸುವುದು ಬೇರೆ ಕೆಲಸ. ಅದನ್ನು ಐದು ವರ್ಷ ಮೀರದಂತೆ ಮಾಡಬೇಕೆಂದು ಕಾನೂನು ಹೇಳುತ್ತದೆ, ಈಗಿನ ಜಗಳವಿರುವುದು ಅದರ ಬಗ್ಗೆ.

ತುಟ್ಟಿಭತ್ಯೆ ತಾನಾಗಿಯೇ ಬರುತ್ತದೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. 2020ರ ಜುಲೈನಲ್ಲಿ, ಕೋವಿಡ್ ಕಾರಣ ನೀಡಿ, ಆ ವರ್ಷ ಸೇರಬೇಕಿದ್ದ ತಿಂಗಳಿಗೆ 417 ರೂಪಾಯಿ 60 ಪೈಸೆಯ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರವೇ ಮುಂದೂಡಿತು. ಗಾರ್ಮೆಂಟ್ಸ್ ಕಾರ್ಮಿಕರ ಸಂಘ ಹೈಕೋರ್ಟಿಗೆ ಹೋಗಿ ತಡೆ ತಂದಿತು. ಆದರೂ ಬಾಕಿ ಕೈಗೆ ಬರಲು ಕೆಲವು ಕಡೆ 2022ರವರೆಗೆ ಕಾಯಬೇಕಾಯಿತು. ದಿನಕ್ಕೆ ಹದಿನಾರು ರೂಪಾಯಿಯ ಲೆಕ್ಕಕ್ಕೆ ಇಷ್ಟು ಹೋರಾಟ ಬೇಕಾಯಿತೆಂಬುದನ್ನು ಕನಿಷ್ಠ ವೇತನ ವಿಪರೀತವಾಯಿತು ಎನ್ನುವವರು ನೆನಪಿನಲ್ಲಿಡಬೇಕು.

ನಿಮ್ಮ ಚೀಟಿಯಲ್ಲಿ ಬೇಸಿಕ್ ಮತ್ತು ಡಿ.ಎ. ಸೇರಿ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಪಿ.ಎಫ್. ಶೇ 12ರಂತೆ 1,440, ಇ.ಎಸ್.ಐ. ಶೇ 0.75ರಂತೆ 90 ರೂಪಾಯಿ ಹೋಗಿ ಕೈಗೆ ಸಿಗುವುದು 10,470. ಚರ್ಚೆಗಳಲ್ಲಿ ಕೇಳಿಬರುವ ದೊಡ್ಡ ಅಂಕಿ ಯಾವಾಗಲೂ ಕಡಿತಕ್ಕೆ ಮೊದಲಿನದು. ಟಾರ್ಗೆಟ್ ವಿಷಯದಲ್ಲಿ ನಿಮ್ಮ ಭಯಕ್ಕೆ ಆಧಾರವಿದೆ. ವೇತನ ಏರಿದಾಗ ಗಂಟೆಯ ಪೀಸುಗಳ ಸಂಖ್ಯೆಯನ್ನು ಏರಿಸಿ ಅಷ್ಟನ್ನೂ ವಾಪಸು ಪಡೆಯುವ ಕಾರ್ಖಾನೆಗಳಿವೆ. ಟಾರ್ಗೆಟ್ ಮುಗಿಸಲು ಊಟದ ಹೊತ್ತಿನಲ್ಲಿ ಅಥವಾ ಪಾಳಿ ಮುಗಿದ ಮೇಲೆ ಕೂರಿಸಿದರೆ ಅದು ಓವರ್‌ಟೈಮ್, ಅದಕ್ಕೆ ಎರಡು ಪಟ್ಟು ದರ ಕೊಡಬೇಕು. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಮೊಬೈಲ್ ಫೋನ್ ಕಾರ್ಖಾನೆಯಲ್ಲಿ ದಾಂದಲೆ ನಡೆದಾಗ ಅದರ ಹಿಂದೆ ಇದ್ದದ್ದೂ ವೇತನ ಮತ್ತು ಹೆಚ್ಚುವರಿ ದುಡಿಮೆಯ ಲೆಕ್ಕದ ತಕರಾರುಗಳೇ.

ಪ್ರಶ್ನೆ: ಕನಿಷ್ಠ ವೇತನ ಏರಿಸಿದರೆ ಕೆಲಸಗಳು ಕಡಿಮೆಯಾಗುತ್ತವೆ ಎಂದು ನಮಗೆ ಪಾಠದಲ್ಲಿ ಹೇಳುತ್ತಾರೆ. ಇದು ಸಾಬೀತಾದ ಸಂಗತಿಯೇ? (ಬಿ.ಎ. ವಿದ್ಯಾರ್ಥಿ, ತುಮಕೂರು)

ಉತ್ತರ: ಅಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್‌ನಲ್ಲಿ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಎರಡೂ ಕಡೆಯ ಫಾಸ್ಟ್‌ಫುಡ್ ಹೋಟೆಲುಗಳನ್ನು ಹೋಲಿಸಿ ನೋಡಿದಾಗ ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಆ ಅಧ್ಯಯನವನ್ನು ಪ್ರಶ್ನಿಸಿದ ಅರ್ಥಶಾಸ್ತ್ರಜ್ಞರಿದ್ದಾರೆ, ಚರ್ಚೆ ಇನ್ನೂ ನಡೆದಿದೆ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಸಂದಿತು.

ಕೂಲಿ ಏರಿದರೂ ಕೆಲಸ ಕಡಿಮೆಯಾಗದಿರಲು ಕಾರಣವೇನೆಂಬುದನ್ನು ನಿಮ್ಮ ಜಿಲ್ಲೆಯಲ್ಲೇ ಕಾಣಬಹುದು. ಹಳ್ಳಿಗೆ ಬರುವುದು ಒಂದೇ ಕಾರ್ಖಾನೆಯ ಬಸ್ಸಾದರೆ ಅಲ್ಲಿನ ಹೆಣ್ಣುಮಕ್ಕಳು ಆ ಮಾಲೀಕ ಹೇಳಿದ ಸಂಬಳಕ್ಕೆ ಒಪ್ಪಬೇಕಾಗುತ್ತದೆ. ಚೌಕಾಸಿಗೆ ಅವಕಾಶವೇ ಇಲ್ಲದಲ್ಲಿ ಕೂಲಿ ಅವರ ದುಡಿಮೆಯ ಬೆಲೆಗಿಂತ ಕೆಳಗೇ ಉಳಿದಿರುತ್ತದೆ, ಕಾನೂನು ಅದನ್ನು ಸ್ವಲ್ಪ ಮೇಲೆತ್ತಿದರೆ ಕೆಲಸ ಹೋಗಲೇಬೇಕೆಂದಿಲ್ಲ. ಎಷ್ಟೇ ಏರಿಸಿದರೂ ಪರಿಣಾಮವಿಲ್ಲವೆಂದು ಇದರ ಅರ್ಥವಲ್ಲ. ಆದರೆ ಏರಿಸಬೇಡಿ ಎನ್ನುವವರು ಪಾಠದ ರೇಖಾಚಿತ್ರವನ್ನಲ್ಲ, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದ ಹಾಜರಿ ಪುಸ್ತಕವನ್ನು ತೋರಿಸಿ ಮಾತನಾಡಲಿ.

ಪ್ರಶ್ನೆ: ಫ್ಯಾಕ್ಟರಿ ಸಂಬಳ ಏರಿದಂತೆಲ್ಲ ಟೊಮೆಟೊ ಬಿಡಿಸಲು ಆಳುಗಳೇ ಸಿಗುವುದಿಲ್ಲ. ಕೂಲಿಗೆ ಕನಿಷ್ಠ ದರವಿದೆ, ನಮ್ಮ ಟೊಮೆಟೊಗೆ ಯಾಕಿಲ್ಲ? (ಶ್ರೀನಿವಾಸಪುರ)

ಉತ್ತರ: ನ್ಯಾಯವಾದ ಪ್ರಶ್ನೆ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುವ ಬೆಳೆಗಳ ಪಟ್ಟಿಯಲ್ಲಿ ಟೊಮೆಟೊ ಇಲ್ಲ. ಕೋಲಾರದ ಮಾರುಕಟ್ಟೆಯಲ್ಲಿ ಬಾಕ್ಸ್ ದರ ಕುಸಿದ ದಿನ ಬಿಡಿಸಿದ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ನಿಮ್ಮ ಹೊಲಕ್ಕೆ ಬರುವ ಹೆಂಗಸೂ ಅದೇ ಸಂತೆಯಲ್ಲಿ ಅದೇ ದರಕ್ಕೆ ಬೇಳೆ ಕೊಳ್ಳುತ್ತಾಳೆ. ಬೆಲೆಯ ಭದ್ರತೆಗೆ ನೀವು ಹೋರಾಡಿ, ಅವಳ ಕೂಲಿಯ ಭದ್ರತೆಯನ್ನು ಅದಕ್ಕೆ ಎದುರಾಗಿ ನಿಲ್ಲಿಸಬೇಡಿ. ಇನ್ನೊಂದು ಮಾತು: ಒಂದೇ ಕೆಲಸಕ್ಕೆ ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿ ಕೊಡುವುದನ್ನು 1976ರ ಸಮಾನ ವೇತನ ಕಾಯ್ದೆಯೇ ನಿಷೇಧಿಸಿತ್ತು. ನಮ್ಮ ಹಳ್ಳಿಗಳಲ್ಲಿ ಅದು ಇನ್ನೂ ನಡೆದೇ ಇದೆ.

ಪ್ರಶ್ನೆ: ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ನಾನೂ ನನ್ನ ಹೆಂಡತಿಯೂ ಕೆಲಸ ಮಾಡುತ್ತೇವೆ. ಮುಂಗಡ ತೆಗೆದುಕೊಂಡಿದ್ದೇವೆ. ನೂಲಿನ ತೂಕಕ್ಕೆ ಕೂಲಿ. ಸರ್ಕಾರದ ದರ ನಮಗೂ ಸಲ್ಲುತ್ತದೆಯೇ? (ಶಿಡ್ಲಘಟ್ಟ)

ಉತ್ತರ: ಸಲ್ಲುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ, ಹಳೆಯ ವೇತನ ಕಾಯ್ದೆಗಳನ್ನು ಒಂದುಗೂಡಿಸಿದ ಕೇಂದ್ರದ ವೇತನ ಸಂಹಿತೆಯ ಪ್ರಕಾರ ಕನಿಷ್ಠ ವೇತನ ಎಲ್ಲ ಉದ್ಯೋಗಗಳಿಗೂ ಅನ್ವಯಿಸುತ್ತದೆ. ತೂಕದ ಲೆಕ್ಕಕ್ಕೆ ಕೂಲಿ ಕೊಟ್ಟರೂ ದಿನದ ದುಡಿಮೆಗೆ ನಿಗದಿಯಾದ ದರಕ್ಕಿಂತ ಕಡಿಮೆ ಕೊಡುವಂತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕುದಿನೀರಿನಲ್ಲಿ ಬೆರಳದ್ದಿ ಗೂಡಿನ ಎಳೆ ಹುಡುಕುವವರಿಗೆ, ಗೂಡು ಕಳಪೆಯಿದ್ದ ಕಾರಣ ನೂಲು ಕಡಿಮೆ ಬಂತೆಂದು ಕೂಲಿ ಕಡಿಯುವುದು ಅನ್ಯಾಯ. ಕಳಪೆ ಗೂಡು ಕೊಂಡದ್ದರ ನಷ್ಟ ಕೊಂಡವರಿಗೆ ಸೇರಿದ್ದು.

ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಗೆ ಸಮವೆಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ಹೇಳಿದೆ. ಮುಂಗಡ ತೀರುವವರೆಗೆ ಬೇರೆಡೆ ಹೋಗಕೂಡದೆಂದು ಯಾರಾದರೂ ಕಟ್ಟಿಹಾಕಿದರೆ ಅದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯಡಿ ಅಪರಾಧವಾಗುತ್ತದೆ.

ಕಡಿಮೆ ಬಂದ ಕೂಲಿಗೆ ಅರ್ಜಿ ಹಾಕಲು ಹಿಂದೆ ಆರು ತಿಂಗಳ ಗಡುವಿತ್ತು, ಸಂಹಿತೆಯಲ್ಲಿ ಅದು ಮೂರು ವರ್ಷಕ್ಕೆ ವಿಸ್ತರಿಸಿದೆ. ಕೂಲಿ ಸಂದಾಯವಾಗಿದೆಯೆಂದು ರುಜುವಾತು ಮಾಡುವ ಹೊಣೆ ಮಾಲೀಕರದು. ಆದರೂ ಎಷ್ಟು ದಿನ ಹೋದಿರಿ, ಎಷ್ಟು ನೂಲು ತೆಗೆದಿರಿ, ಎಷ್ಟು ಹಣ ಕೈಗೆ ಬಂತು, ಮುಂಗಡಕ್ಕೆ ಎಷ್ಟು ಮುರಿದುಕೊಂಡರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇಬ್ಬರ ಹೆಸರಿನಲ್ಲೂ ಬೇರೆಬೇರೆಯಾಗಿ ಬರೆದಿಡಿ, ಏಕೆಂದರೆ ಜೋಡಿಯಾಗಿ ದುಡಿದಾಗ ಹೆಂಡತಿಯ ಕೂಲಿ ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಚಿಕ್ಕಬಳ್ಳಾಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು.