ಫ್ಯಾನ್ ಆರಿಸಬೇಡಿ ಎಂದ ಹಾಡುಗಾರ

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 34, ಬೆಂಗಳೂರಿನ ಒಂದು ರಾಕ್ ಬ್ಯಾಂಡಿನ ಹಾಡುಗಾರ. ಗಿಟಾರ್ ನುಡಿಸುವುದೂ ಅವರೇ.

ಅವತ್ತು ಮಳೆ ಬಂದು ತಣ್ಣಗಾಗಿತ್ತು. ಫ್ಯಾನ್ ಆರಿಸಲು ಎದ್ದೆ. "ಇರ್ಲಿ ಬಿಡಿ ಮೇಡಂ" ಎಂದರು. ಯಾಕೆ ಅಂತ ಹೇಳಿದ್ದು ಮುಕ್ಕಾಲು ಗಂಟೆ ಆದ ಮೇಲೆ. ಸುತ್ತ ಸದ್ದಿಲ್ಲದಿದ್ದರೆ ಎಡಗಿವಿಯಲ್ಲಿ "ಕುಂಯ್" ಅನ್ನುತ್ತದಂತೆ. ಏಳು ತಿಂಗಳಿಂದ. ಅಲ್ಲಿಯವರೆಗೆ ನಿದ್ದೆ ಬರಲ್ಲ, ಸಿಟ್ಟು ಜಾಸ್ತಿ ಎಂದಷ್ಟೇ ಹೇಳುತ್ತಿದ್ದರು.

ಬ್ಯಾಂಡ್ ಹುಟ್ಟಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ಮೊದಲು ಇಂಗ್ಲಿಷ್ ಹಾಡು, ಆಮೇಲೆ ತಮ್ಮದೇ ಕನ್ನಡ ಹಾಡು. ವಾರವಿಡೀ ಐಟಿ ಕೆಲಸ, ಶುಕ್ರವಾರ ಶನಿವಾರ ಪಬ್ಬುಗಳಲ್ಲಿ ಶೋ. ಹನ್ನೆರಡು ವರ್ಷವೂ ಡ್ರಮ್ಮರಿನ ಸಿಂಬಲ್ (ಡ್ರಮ್ಸಿನ ಜೊತೆ ಬಾರಿಸುವ ಲೋಹದ ತಟ್ಟೆ) ಇವರ ಎಡಗಿವಿಯ ಪಕ್ಕದಲ್ಲೇ.

85 ಡೆಸಿಬೆಲ್ ಸದ್ದನ್ನು ಕಿವಿ 8 ಗಂಟೆ ತಡೆಯಬಹುದು ಎಂಬುದು ಒಂದು ಲೆಕ್ಕ. ಅದರ ಮೇಲೆ 3 ಏರಿದಾಗಲೆಲ್ಲ ಸಮಯ ಅರ್ಧ. 100ಕ್ಕೆ ಬರೀ 15 ನಿಮಿಷ! ಡ್ರಮ್ಸು, ಗಿಟಾರಿನ ಆಂಪ್ಲಿಫೈಯರು ಇರುವ ಪುಟ್ಟ ಕೋಣೆಯಲ್ಲಿ 100 ದಾಟುವುದು ಕಷ್ಟವೇನಲ್ಲ. ಇವರ ಪ್ರಾಕ್ಟೀಸ್ ಮೂರು ಗಂಟೆ. ಇದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇಂಗ್ಲೆಂಡಿನ 'ದ ಹೂ' ರಾಕ್ ಬ್ಯಾಂಡಿನ ಗಿಟಾರ್ ವಾದಕ ಪೀಟ್ ಟೌನ್ಸೆಂಡ್ ತಮ್ಮ ಕಿವಿಯ ತೊಂದರೆ ಬಗ್ಗೆ ಬಹಿರಂಗವಾಗಿಯೇ ಮಾತಾಡಿದ್ದಾರೆ ಎಂದು ಅವರೇ ನನಗೆ ಹೇಳಿದರು. (ನಾನು ಪಿ.ಬಿ. ಶ್ರೀನಿವಾಸ್ ಕೇಳಿ ಬೆಳೆದವಳು.) ಆದರೂ ಬ್ಯಾಂಡಿನ ಗೆಳೆಯರಿಗೆ ಒಂದು ಮಾತೂ ಹೇಳಿರಲಿಲ್ಲ.

"ಗಿಟಾರ್ ಮಾರಿಬಿಡ್ಲಾ?" ಎಂದರು. ಮೂರು ತಿಂಗಳು ಯಾವ ತೀರ್ಮಾನವೂ ಬೇಡ ಎಂದೆ.

ಮೊದಲು ಕಿವಿ ಡಾಕ್ಟರು, ಶ್ರವಣ ಪರೀಕ್ಷೆ. ಅದು ನನ್ನ ಕೈಲಾಗುವ ಕೆಲಸವಲ್ಲ. ಅವರ ಊರು ಮೈಸೂರು, ಹಾಗಾಗಿ ಅಲ್ಲಿನ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದೆ. ಹತ್ತಿ ತುರುಕಿಕೊಂಡರೆ ಸಾಲದು, ಸಂಗೀತಗಾರರಿಗೆಂದೇ ಇಯರ್‌ಪ್ಲಗ್ ಸಿಗುತ್ತದೆ, ಅದನ್ನೇ ಹಾಕಿ ಎಂದೆ. ರಾತ್ರಿ ಫ್ಯಾನ್ ಸದ್ದು ಇರಲಿ, ತಪ್ಪೇನಿಲ್ಲ.

ಗೆಳೆಯರಲ್ಲಿ ಮೊದಲು ಡ್ರಮ್ಮರಿಗೆ ಹೇಳಿ, ಪ್ರಾಕ್ಟೀಸ್ ಕೋಣೆಯಲ್ಲಿ ಬೇಡ, ಟೀ ಕುಡಿಯುವಾಗ ಹೇಳಿ ಎಂದೆ. ಅದಕ್ಕೂ ಮೊದಲು ನನ್ನ ಮುಂದೆಯೇ ಹೇಳಿಸಿಯೂ ನೋಡಿದೆ: "ನನ್ನ ಎಡಗಿವಿ ಕೆಟ್ಟಿದೆ ಕಣೋ. ಬ್ಯಾಂಡ್ ಬಿಡಲ್ಲ." ಮೊದಲ ಸಲ "ಎಡಗಿವಿ" ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಮೈಕ್ ಮುಂದೆ ಎರಡು ಗಂಟೆ ಕಿರುಚುವ ಮನುಷ್ಯ! ಎಡಗೈ ಬೆರಳಿನ ಗಟ್ಟಿ ಚರ್ಮವನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ ಕೂತರು. ನಾಲ್ಕನೇ ಸಲಕ್ಕೆ ಪೂರ್ತಿ ಬಂತು.

ಮುಂದಿನ ತಿಂಗಳು ರಿಪೋರ್ಟ್ ತಂದರು. ಎಡಗಿವಿಗೆ ಕೀರಲು ಸ್ವರಗಳು ಸ್ವಲ್ಪ ಕಡಿಮೆ ಕೇಳಿಸುತ್ತವೆ. ಪ್ಲಗ್ ಹಾಕಿ ಹಾಡಿದರೆ ನೀರೊಳಗೆ ಹಾಡಿದ ಹಾಗಿರುತ್ತದಂತೆ. ವಿಷಯ ಕೇಳಿ ಡ್ರಮ್ಮರ್ ಏನೂ ಅನ್ನಲಿಲ್ಲವಂತೆ, ಟೀ ದುಡ್ಡು ಕೊಟ್ಟು ಎದ್ದನಂತೆ. ಮುಂದಿನ ಪ್ರಾಕ್ಟೀಸಿಗೆ ಹೋದರೆ ಸಿಂಬಲ್ ಆಚೆ ಬದಿಗೆ ಸರಿದಿತ್ತು. ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ.

"ಇವತ್ತು ಫ್ಯಾನ್ ಆರಿಸಿ ನೋಡೋಣ ಮೇಡಂ" ಎಂದರು. ಆರಿಸಿದೆ. ಐದು ನಿಮಿಷ ಸುಮ್ನೆ ಕೂತಿದ್ದರು. ಆಮೇಲೆ ತಾವೇ ಎದ್ದು ಹೋಗಿ ಮತ್ತೆ ಹಾಕಿದರು.