ಪ್ರತಿ: ಲ್ಯಾಪ್‌ಟಾಪ್‌ನಲ್ಲಿ ಕಾಣುವ ಫೋಟೊ ಗಿಟ್‌ಹಬ್ ಪೇಜಸ್‌ಗೆ ಹಾಕಿದ ಮೇಲೆ ಯಾಕೆ ಕಾಣ್ತಿಲ್ಲ?

ನೀವು ಹಾಕಿರೋ ಸ್ಕ್ರೀನ್‌ಶಾಟ್‌ನಲ್ಲೇ ಉತ್ತರ ಇದೆ ನೋಡಿ. ಫೋಲ್ಡರ್ ಹೆಸರು 'ಇಮೇಜಸ್' ಕ್ಯಾಪಿಟಲ್ ಅಕ್ಷರದಿಂದ ಶುರುವಾಗಿದೆ, ಕೋಡ್‌ನಲ್ಲಿ ಪೂರ್ತಿ ಸ್ಮಾಲ್ ಲೆಟರ್. ವಿಂಡೋಸ್ ಎರಡನ್ನೂ ಒಂದೇ ಅಂದುಕೊಳ್ಳುತ್ತೆ, ಅದಕ್ಕೇ ನಿಮ್ಮಲ್ಲಿ ಸರಿ ಕಾಣ್ತು. ನಿಮ್ಮ ಸೈಟನ್ನ ಇಂಟರ್ನೆಟ್‌ನಲ್ಲಿ ತೋರಿಸುವ ಗಿಟ್‌ಹಬ್ ಪೇಜಸ್‌ಗೆ ಅವೆರಡು ಬೇರೆ ಬೇರೆ ಹೆಸರು. ಖಾತ್ರಿ ಬೇಕಿದ್ದರೆ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು ಪೇಜ್ ರಿಫ್ರೆಶ್ ಮಾಡಿ. ಫೋಟೊ ಹೆಸರು ಕೆಂಪಾಗಿ, ಪಕ್ಕದಲ್ಲಿ 404 (ಅಂದರೆ ಫೈಲ್ ಸಿಗಲಿಲ್ಲ) ಅಂತ ಬರುತ್ತೆ. ಅದರ ಮೇಲೆ ಕ್ಲಿಕ್ ಮಾಡಿದರೆ ಬ್ರೌಸರ್ ಯಾವ ವಿಳಾಸದಲ್ಲಿ ಹುಡುಕಿತು ಅನ್ನೋದು ಪೂರ್ತಿ ಸಿಗುತ್ತೆ. ರಿಪಾಸಿಟರಿಯಲ್ಲಿ, ಅಂದರೆ ಗಿಟ್‌ಹಬ್‌ನಲ್ಲಿ ನಿಮ್ಮ ಫೈಲ್‌ಗಳಿರುವ ಜಾಗದಲ್ಲಿ, ಇರುವ ಹೆಸರಿನ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಕೊನೆಯ 'ಜೆಪಿಜಿ'ಯನ್ನೂ ಬಿಡಬೇಡಿ, ಕೆಲವು ಕ್ಯಾಮೆರಾಗಳು ಅದನ್ನ ಕ್ಯಾಪಿಟಲ್‌ನಲ್ಲಿ ಕೊಡುತ್ತವೆ.

ಸರಿಪಡಿಸುವಾಗ ಒಂದು ಕಿರಿಕಿರಿ ಇದೆ. ವಿಂಡೋಸ್‌ನಲ್ಲಿ ಬರೀ ಕ್ಯಾಪಿಟಲ್ ತೆಗೆದು ರೀನೇಮ್ ಮಾಡಿದರೆ ಗಿಟ್ (ಫೈಲ್‌ಗಳ ಬದಲಾವಣೆ ದಾಖಲಿಸುವ ಸಾಫ್ಟ್‌ವೇರ್) ಸಾಮಾನ್ಯವಾಗಿ ಬದಲಾವಣೆ ಆಗಿದೆ ಅಂತಲೇ ಗಮನಿಸಲ್ಲ. ಮೊದಲು ಬೇರೇನೋ ಹೆಸರಿಟ್ಟು ಕಮಿಟ್ ಮಾಡಿ (ಬದಲಾವಣೆಯನ್ನ ಗಿಟ್‌ನಲ್ಲಿ ದಾಖಲಿಸಿ), ಆಮೇಲೆ ಬೇಕಾದ ಹೆಸರಿಟ್ಟು ಮತ್ತೊಮ್ಮೆ ಕಮಿಟ್ ಮಾಡಿ ಪುಶ್ ಮಾಡಿ (ಗಿಟ್‌ಹಬ್‌ಗೆ ಕಳಿಸಿ).

ಇನ್ನೊಂದು, ಕೋಡ್‌ನಲ್ಲಿ ನಿಮ್ಮ ಎರಡನೇ ಫೋಟೊದ ದಾರಿ (ಪಾತ್) ಸ್ಲ್ಯಾಶ್‌ನಿಂದ ಶುರುವಾಗಿದೆ. ಪ್ರಾಜೆಕ್ಟ್ ಸೈಟ್‌ನಲ್ಲಿ ವಿಳಾಸದ ಕೊನೆಗೆ ರಿಪಾಸಿಟರಿ ಹೆಸರು ಇರುತ್ತಲ್ಲ, ಮೊದಲ ಸ್ಲ್ಯಾಶ್ ಅದನ್ನ ಬಿಟ್ಟು ನೇರ ಡೊಮೇನ್‌ನ ಬುಡಕ್ಕೇ ಹೋಗುತ್ತೆ. ಆ ಸ್ಲ್ಯಾಶ್ ಅಳಿಸಿ ಸಾಕು.

ಪುಶ್ ಆದ ಮೇಲೆ ಸೈಟ್ ಬದಲಾಗೋಕೆ 10 ನಿಮಿಷದವರೆಗೂ ಹಿಡಿಯಬಹುದು. ಆಮೇಲೆ, ಬ್ರೌಸರ್ ಉಳಿಸಿಟ್ಟ ಹಳೇ ಪ್ರತಿ ಬಿಟ್ಟು ಹೊಸದು ಬರೋಕೆ, ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ ನೋಡಿ.